ಹಿತ್ತಲಲ್ಲಿ ಹಾಳುಬಾವಿ ಇರುವ ಮನೆ ಕೊಳ್ಳುವವರಿಗೆ: ಕೋಲಾರದ ಬಾವಿ ಕೆಲಸದವರ ಸೇವೆ ಹೇಗಿದೆ?

ಕೋಲಾರ ಪಟ್ಟಣದ ಹಳೆಯ ಪೇಟೆಗಳಲ್ಲಿ, ಅಂದರೆ ಕೋಟೆ, ಕುರುಬರಪೇಟೆ, ಗೌರಿಪೇಟೆ, ಕಠಾರಿಪಾಳ್ಯದ ಕಡೆ, ಮನೆ ನೋಡಲು ಹೋದವರಿಗೆ ಹಿತ್ತಲಲ್ಲಿ ತಗಡು ಮುಚ್ಚಿದ ಸೇದುಬಾವಿ ಕಣ್ಣಿಗೆ ಬೀಳುವುದುಂಟು. ಮಾರುವವರು "ಅದು ಬತ್ತಿ ಇಪ್ಪತ್ತು ವರ್ಷ ಆಯ್ತು ಸಾರ್, ಎರಡು ಲೋಡ್ ಮಣ್ಣು ಹೊಡೆಸಿದ್ರೆ ಮುಗೀತು" ಎನ್ನುತ್ತಾರೆ. ಎರಡು ಲೋಡಿಗೆ ಅದು ಮುಗಿಯುವುದಿಲ್ಲ. ಆರು ಅಡಿ ಅಗಲ, ನಲವತ್ತು ಅಡಿ ಆಳದ ಸಾಧಾರಣ ಬಾವಿಯ ಹೊಟ್ಟೆ 1,130 ಘನ ಅಡಿ. ನೂರು ಘನ ಅಡಿಗೆ ಒಂದು ಯೂನಿಟ್ ಎಂಬ ಲೆಕ್ಕದಲ್ಲಿ ಹನ್ನೊಂದಕ್ಕೂ ಹೆಚ್ಚು, ಮಣ್ಣು ಕೂರುವುದನ್ನೂ ಸೇರಿಸಿದರೆ ಹದಿನಾಲ್ಕು.

ಇಂಥ ಬಾವಿಗೆ ಪಟ್ಟಣದಲ್ಲಿ ಮೂರು ತರಹದ ಸೇವೆ ಸಿಗುತ್ತದೆ. ಕೈಕೆಲಸದಲ್ಲಿ ಹೂಳೆತ್ತುವ ತಂಡಗಳು, ಬೋರ್‌ವೆಲ್ ಮತ್ತು ಮೋಟಾರ್ ಅಂಗಡಿಯವರು, ಜೆಸಿಬಿ–ಟಿಪ್ಪರ್ ಇಟ್ಟುಕೊಂಡ ಗುತ್ತಿಗೆದಾರರು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೂಳೆತ್ತುವ ತಂಡದ ಕೆಲಸ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ರಿಜಿಸ್ಟ್ರೇಷನ್‌ಗೆ ಮುಂಚೆ ಕರೆಸಿದರೆ ಮಾತ್ರ ಅದರ ಪೂರ್ತಿ ಫಲ ಸಿಗುತ್ತದೆ, ಮತ್ತು ಅವರ ಸುರಕ್ಷತೆಯ ಏರ್ಪಾಡು ತೀರಾ ಕಡಿಮೆ. ಬೋರ್‌ವೆಲ್ ಅಂಗಡಿಯವರಿಂದ ಒಂದೆರಡು ಕೆಲಸ ಮಾತ್ರ ತೆಗೆದುಕೊಳ್ಳಿ. ಟಿಪ್ಪರ್‌ನವರು ಈಗ ಮಾರುತ್ತಿರುವ "ಬಾವಿ ಮುಚ್ಚುವ" ಸೇವೆಯನ್ನು ಇದ್ದ ಹಾಗೇ ತೆಗೆದುಕೊಳ್ಳಬೇಡಿ.

ಈ ಊರಿನ ಬಾವಿಗಳನ್ನು ಹಗುರವಾಗಿ ಮುಚ್ಚಿಬಿಡಬಾರದು ಎನ್ನುವುದಕ್ಕೆ ಕಾರಣವಿದೆ. ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆಳಗೆ ಗಟ್ಟಿ ಬಂಡೆ, ಅದರ ಮೇಲೆ ಶಿಥಿಲವಾದ ಕಲ್ಲುಮಣ್ಣಿನ ಪದರ. ಸೇದುಬಾವಿಗಳು ಕುಡಿದದ್ದು ಆ ಮೇಲಿನ ಪದರದ ನೀರನ್ನೇ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ ಮೇಲೆ ಈ ಪದರ ಬರಿದಾಯಿತು, ಬಾವಿಗಳು ಕಸದ ಗುಂಡಿಗಳಾದವು. ಈಗ ಪರಿಸ್ಥಿತಿ ಮತ್ತೆ ಬದಲಾಗಿದೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ತರುವ ಕೋರಮಂಗಲ–ಚಲ್ಲಘಟ್ಟ ಯೋಜನೆ, ಊರಿನ ಬಾಯಲ್ಲಿ ಕೆ.ಸಿ. ವ್ಯಾಲಿ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ ಹರಿದು ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಹಾಗಾಗಿ "ಬತ್ತಿದ ಬಾವಿ" ಎಂಬ ಮಾತನ್ನು ಹಗ್ಗ ಬಿಟ್ಟು ನೋಡದೆ ನಂಬಬೇಡಿ. ಅದೇ ರೀತಿ, ಬಂದ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಲೂ ಬೇಡಿ.

ರಿಜಿಸ್ಟ್ರೇಷನ್‌ಗೆ ಮುಂಚೆ ಎಂದದ್ದು ಏಕೆ? ಬಾವಿ ಖಾಲಿಯಾದಾಗ ಕಾಣುವ ಸಂಗತಿಗಳು ಮನೆಯ ಬೆಲೆಯನ್ನೇ ಬದಲಿಸುತ್ತವೆ. ಒಳಗೋಡೆ ಉಬ್ಬಿದೆಯೆ, ಪಾಯಿಖಾನೆಯ ಪೈಪು ಬಾವಿಯಲ್ಲಿ ಮುಗಿದಿದೆಯೆ, ಪಕ್ಕದ ಮನೆಯವರ ಪೈಪು ಇಳಿದಿದೆಯೆ ಎನ್ನುವುದು ಗೊತ್ತಾಗುವುದೇ ಆಗ. ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ: ಬಾವಿಯನ್ನು ಖಾಲಿ ಮಾಡಿಸಿ ನೋಡಲು ಕೊಳ್ಳುವವರಿಗೆ ಅವಕಾಶವಿರುತ್ತದೆ, ಖರ್ಚು ಇಂಥವರದು, ದೋಷ ಕಂಡರೆ ಬೆಲೆ ಕುರಿತು ಮತ್ತೆ ಮಾತುಕತೆ ಅಥವಾ ಅಡ್ವಾನ್ಸ್ ವಾಪಸ್. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದನ್ನೇ ಒಂದು ಸೂಚನೆ ಎಂದು ತಿಳಿಯಿರಿ.

ಕಾಗದದ ಕಡೆಗೂ ಒಂದು ಕಣ್ಣಿರಲಿ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಬಾವಿಯ ಹೆಸರಿದೆಯೆ, ಇದ್ದರೆ "ಬಾವಿಯಲ್ಲಿ ಅರ್ಧ ಹಕ್ಕು" ಎಂದಿದೆಯೆ ನೋಡಿ. ಅಣ್ಣತಮ್ಮಂದಿರು ಭಾಗವಾದ ಮನೆಗಳಲ್ಲಿ ಕಾಂಪೌಂಡು ಗೋಡೆ ಬಾವಿಯ ನಡುವೆಯೇ ಹಾದುಹೋಗಿರುತ್ತದೆ. ಹಳೆಯ ಪಾಲುಪತ್ರಗಳಲ್ಲಿ ಸೇದುವ ಹಕ್ಕು, ಹಗ್ಗ ಹಾಕುವ ಜಾಗ, ಓಡಾಡುವ ದಾರಿ ಎಲ್ಲ ಬರೆದಿರುವುದುಂಟು. ನೆರೆಯವರು 20 ವರ್ಷ ತಡೆಯಿಲ್ಲದೆ ನೀರು ಸೇದಿದ್ದರೆ ಅನುಭೋಗದ ಹಕ್ಕು ಕೇಳಬಹುದು. ಅಂಥ ಬಾವಿಯನ್ನು ನೀವೊಬ್ಬರೇ ಮುಚ್ಚಿಸಿದರೆ ವ್ಯಾಜ್ಯ ಕಟ್ಟಿಟ್ಟ ಬುತ್ತಿ. ಹಳ್ಳಿಯ ಅಂಚಿನ ಜಾಗವಾದರೆ ಬಾವಿ ಬಿ ಖರಾಬಿನಲ್ಲಿ ಬರುತ್ತದೆಯೆ ಎಂದು ಸರ್ವೆ ನಕ್ಷೆ ತೆಗೆಸಿ ನೋಡಬೇಕು. ಬಂದರೆ ಅದು ಸಾರ್ವಜನಿಕರದು, ಮಾರುವವರದಲ್ಲ.

ಇನ್ನು ಹೂಳೆತ್ತುವ ತಂಡ. ಕೋಲಾರ, ಮಾಲೂರು, ಬಂಗಾರಪೇಟೆ ಸುತ್ತ ಈ ಕೆಲಸ ಬಲ್ಲವರು ಹೆಚ್ಚಾಗಿ ಭೋವಿ ಸಮುದಾಯದವರು. ತಲೆತಲಾಂತರದ ಕಸುಬು. ಕಲ್ಲಿನ ಒಳಗೋಡೆ ನೋಡಿದ ಕೂಡಲೇ ಯಾವ ಕಡೆ ಊಟೆ ಇದೆ, ಯಾವ ಕಲ್ಲು ಸಡಿಲವಾಗಿದೆ ಎಂದು ಹೇಳಬಲ್ಲವರು ಇವರಲ್ಲಿದ್ದಾರೆ. ಆ ಕಣ್ಣು ಬೇರೆ ಯಾವ ಸೇವೆಯಲ್ಲೂ ಸಿಗುವುದಿಲ್ಲ. ಇಳಿಯುವ ಮೊದಲು ಗಂಗೆಪೂಜೆ ಮಾಡುತ್ತಾರೆ. ಅರಿಸಿನ, ಕುಂಕುಮ, ತೆಂಗಿನಕಾಯಿ, ಎಲೆಅಡಿಕೆ ಮನೆಯವರೇ ಇಟ್ಟುಕೊಂಡಿರಬೇಕು.

ಅಳತೆಯಿಂದ ಕೆಲಸ ಶುರುವಾಗಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ನೀರಿನ ಮಟ್ಟ ಎಷ್ಟು ಅಡಿಗೆ, ತಳ ಎಷ್ಟು ಅಡಿಗೆ ಎಂದು ಬರೆದುಕೊಳ್ಳಿ. ಕಲ್ಲು ಮೆತ್ತಗೆ ಕೂತರೆ ಅದು ಹೂಳು. ಕಂಬಿ ಚುಚ್ಚಿ ಗಟ್ಟಿ ತಳ ಸಿಕ್ಕಿದ ಆಳ ನೋಡಿದರೆ ಹೂಳಿನ ದಪ್ಪ ತಿಳಿಯುತ್ತದೆ. ಆರು ಅಡಿ ಅಗಲದ ಬಾವಿಯಲ್ಲಿ ಒಂದಡಿ ನೀರು ಎಂದರೆ 800 ಲೀಟರ್, ಐದು ಅಡಿ ಅಗಲವಾದರೆ 555, ಎಂಟು ಅಡಿಯಾದರೆ 1,420. ಈ ಲೆಕ್ಕ ಕೈಯಲ್ಲಿದ್ದರೆ ಪಂಪಿನ ಬಾಡಿಗೆ ಎಷ್ಟು ಗಂಟೆಗೆ, ಹೂಳು ಸಾಗಿಸಲು ಎಷ್ಟು ಟ್ರ್ಯಾಕ್ಟರ್ ಎಂಬುದಕ್ಕೆ ಯಾರೂ ಬಾಯಿಗೆ ಬಂದಂತೆ ಹೇಳಲಾಗದು.

ನೀರು ಹೊರಹಾಕುವಾಗ ಅವಸರ ಕೂಡದು. ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಹಳೆಯ ಬಾವಿಯಲ್ಲಿ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರು ಗೋಡೆಯನ್ನು ಒಳಗಿನಿಂದ ತಡೆದು ನಿಲ್ಲಿಸಿರುತ್ತದೆ. ಒಂದೇ ಬೀಸಿಗೆ ನೀರು ಎಳೆದರೆ ಆ ಆಸರೆ ತಪ್ಪಿ ಗೋಡೆ ಒಳಕ್ಕೆ ಉಬ್ಬುತ್ತದೆ, ಕೆಲವೊಮ್ಮೆ ಕುಸಿಯುತ್ತದೆ. ಮೊದಲ ದಿನ ಅರ್ಧ ನೀರು ತೆಗೆದು, ರಾತ್ರಿ ಹಾಗೇ ಬಿಟ್ಟು, ಮರುದಿನ ಉಳಿದದ್ದು ತೆಗೆಯುವ ತಂಡ ಕೆಲಸ ಬಲ್ಲ ತಂಡ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಫೆಬ್ರವರಿಯಿಂದ ಮೇ ಒಳಗೆ ಮಾಡಿಸಿದರೆ ಗೋಡೆಗೂ ಕ್ಷೇಮ, ಬೇಸಿಗೆಯ ನೀರಿನ ಮಟ್ಟವೂ ಕಣ್ಣೆದುರೇ ಗೊತ್ತಾಗುತ್ತದೆ. ಬಾವಿ ಮನೆಯ ಗೋಡೆಯಿಂದ ಹತ್ತು ಅಡಿಯೊಳಗಿದ್ದರೆ, ನೀರು ತೆಗೆಯುವ ಮೊದಲು ಗೋಡೆಯ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ಫೋಟೋ ತೆಗೆದಿಡಿ. ಬಿರುಕು ಗುರುತು ದಾಟಿದರೆ ಕೆಲಸ ನಿಲ್ಲಿಸಿ ಎಂಜಿನಿಯರ್ ಕರೆಸಬೇಕು.

ಈ ತಂಡಗಳ ದೊಡ್ಡ ಕೊರತೆ ಗಾಳಿಯ ವಿಷಯದಲ್ಲಿ. ವರ್ಷಗಟ್ಟಲೆ ಮುಚ್ಚಿದ ಬಾವಿಯಲ್ಲಿ ಕೊಳೆಯುವ ಎಲೆ, ಕಸ, ಕೆಸರು ಆಮ್ಲಜನಕವನ್ನು ತಿಂದುಹಾಕುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಕೆಸರು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಾದರೆ ಮೂಗಿಗೆ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ. ಹಾಗಾಗಿ ವಾಸನೆ ನಿಂತಿತು ಎಂದು ನೆಮ್ಮದಿಪಡುವುದು ಅಪಾಯಕಾರಿ. "ದೀಪ ಬಿಟ್ಟು ನೋಡ್ತೀವಿ ಅಣ್ಣ, ಏನೂ ಆಗಲ್ಲ" ಎಂಬ ಮಾತನ್ನು ಒಪ್ಪಬೇಡಿ. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗಿನ ಗಾಳಿ ಮನುಷ್ಯನಿಗೆ ಕ್ಷೇಮ ಎನ್ನುವಂತಿಲ್ಲ. ಹೈಡ್ರೋಜನ್ ಸಲ್ಫೈಡನ್ನು ದೀಪ ತೋರಿಸುವುದೇ ಇಲ್ಲ. ತಳದಲ್ಲಿ ಮೀಥೇನ್ ಇದ್ದರೆ ದೀಪವೇ ಬೆಂಕಿಗೆ ದಾರಿ.

ಬೇಕಾದದ್ದು ನಾಲ್ಕು ಅನಿಲ ತೋರಿಸುವ ಮೀಟರ್. ಅದನ್ನು ಹಗ್ಗದಲ್ಲಿ ಮೇಲೆ, ನಡುವೆ, ತಳದಲ್ಲಿ ಬಿಟ್ಟು ನೋಡಬೇಕು. ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆಯಿದ್ದರೆ ಯಾರೂ ಇಳಿಯಬಾರದು. ಹೊರಗಿನ ಗಾಳಿಯಲ್ಲಿ ಇರುವುದು 20.9. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷದಲ್ಲಿ 10 ಭಾಗ ಮುಟ್ಟಿದರೂ ಇಳಿಯಬಾರದು. ಗಾಳಿ ಊದುವ ಬ್ಲೋವರ್‌ನ ಕೊಳವೆ ತಳದವರೆಗೆ ಇಳಿದಿರಬೇಕು, ಬಾಯಲ್ಲೇ ಊದಿದರೆ ತಳದ ಗಾಳಿ ಕದಲುವುದಿಲ್ಲ. ಇಳಿಯುವ ಮೊದಲು ಅರ್ಧ ಗಂಟೆಯಾದರೂ ಊದಿ, ಒಳಗೆ ಜನ ಇರುವಷ್ಟು ಹೊತ್ತೂ ನಿಲ್ಲಿಸದೆ ಊದಬೇಕು. ಇಳಿಯುವವರ ಮೈಗೆ ಪೂರ್ತಿ ಬೆಲ್ಟು, ಬೆಲ್ಟಿಗೆ ಬೇರೆಯದೇ ಹಗ್ಗ, ಮೇಲೆ ಮೂರ್ಗಾಲಿಗೆ ಕೂರಿಸಿದ ಕೈ ವಿಂಚ್. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಯಾವ ಕಾರಣಕ್ಕೂ ಬಾವಿಯೊಳಗೆ ಇಳಿಸಬಾರದು, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ. ಕರೆಂಟಿನ ಪಂಪು ಓಡುವಾಗ ನೀರಿನಲ್ಲಿ ಮನುಷ್ಯ ಇರಬಾರದು. ಒಬ್ಬರು ಒಳಗೆ ಕುಸಿದರೆ ಇನ್ನೊಬ್ಬರು ಹಾರಿ ಇಳಿಯುವುದರಿಂದಲೇ ಇಂಥ ಅವಘಡಗಳಲ್ಲಿ ಎರಡು, ಮೂರು ಹೆಣ ಬೀಳುತ್ತವೆ. ವಿಂಚ್ ಇರುವುದು ಇಳಿಯದೆ ಎತ್ತುವುದಕ್ಕಾಗಿ.

ಇವೆಲ್ಲ ತಂಡದ ಬಳಿ ಇಲ್ಲದಿದ್ದರೆ ಬಾಡಿಗೆಗೆ ತರಿಸಿ ಕೊಡುವುದು ಕೆಲಸ ಮಾಡಿಸುವವರ ಜವಾಬ್ದಾರಿ. ಕೂಲಿಯಲ್ಲಿ ಚೌಕಾಸಿ ಮಾಡಿ ಉಳಿಸಿದ ದುಡ್ಡು ಯಾರದೋ ಮನೆಯ ದೀಪ ಆರಿಸಬಾರದು. ಕರೆ ಮಾಡಿದಾಗ "ಮೀಟರ್ ಇದೆಯಾ, ವಿಂಚ್ ಇದೆಯಾ" ಎಂದು ಕೇಳುವ ಗಿರಾಕಿಗಳು ಹೆಚ್ಚಾದರೆ ತಂಡಗಳೂ ಅವನ್ನು ಇಟ್ಟುಕೊಳ್ಳುತ್ತವೆ.

ಒಂದು ಬಾವಿಗಂತೂ ಇವರನ್ನು ಕರೆಯಲೇಬಾರದು. ಹಳೆಯ ಮನೆಗೆ ಆಮೇಲೆ ಪಾಯಿಖಾನೆ ಕಟ್ಟಿಸಿದಾಗ, ಒಳಚರಂಡಿ ಇಲ್ಲದ ಬೀದಿಯಲ್ಲಿ, ಪೈಪನ್ನು ನೇರವಾಗಿ ಹಾಳುಬಾವಿಗೆ ಬಿಟ್ಟವರಿದ್ದಾರೆ. ಅದು ಈಗ ಬಾವಿಯಲ್ಲ, ಮಲದ ಗುಂಡಿ. ಅದಕ್ಕೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಸಕ್ಕಿಂಗ್ ಮೆಷಿನ್ ಲಾರಿಯೇ ಬರಬೇಕು. ಕಂಡುಹಿಡಿಯುವುದು ಸುಲಭ: ಮನೆಯ ಪ್ರತಿ ಪಾಯಿಖಾನೆ, ಬಚ್ಚಲಿಗೆ ಒಂದೊಂದು ಬಕೆಟ್ ಬಣ್ಣದ ನೀರು ಸುರಿದು, ಟಾರ್ಚು ಹಿಡಿದು ಬಾವಿಯ ಗೋಡೆ ನೋಡಿ, ರಸ್ತೆಯ ಚೇಂಬರಿನಲ್ಲೂ ನೋಡಿ. ಬಣ್ಣ ಚೇಂಬರಿನಲ್ಲಿ ಕಾಣದಿದ್ದರೆ ಎಲ್ಲಿಗೆ ಹೋಯಿತು ಎಂದು ಮಾರುವವರನ್ನೇ ಕೇಳಬೇಕು. ಸೆಪ್ಟಿಕ್ ಟ್ಯಾಂಕ್ ಅಥವಾ ಇಂಗುಗುಂಡಿ ಬಾವಿಯಿಂದ 15 ಮೀಟರ್, ಅಂದರೆ ಐವತ್ತು ಅಡಿಯೊಳಗಿದ್ದರೆ ನೀರು ಕುಡಿಯಲು ಯೋಗ್ಯ ಎಂದು ಭಾವಿಸಬೇಡಿ. ಪಟ್ಟಣದ ಸಣ್ಣ ನಿವೇಶನಗಳಲ್ಲಿ ಆ ದೂರ ಸಿಗುವುದೇ ಕಷ್ಟ. ಪಕ್ಕದ ಮನೆಯ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೂಳು ಪೂರ್ತಿ ಎತ್ತಿ ತಳ ಕಂಡ ದಿನ ಕೊಳ್ಳುವವರು ಖುದ್ದಾಗಿ ಹಾಜರಿರಬೇಕು. ತಂಡದವರ ಮೊಬೈಲಿನಲ್ಲಿ ಗೋಡೆಯನ್ನು ಸುತ್ತಲೂ, ತಳದಿಂದ ಮೇಲಕ್ಕೆ ವೀಡಿಯೋ ಮಾಡಿಸಿ. ಆಲ, ಅರಳಿಯ ಬೇರು ಕಲ್ಲಿನ ಸಂದಿಗೆ ಹೊಕ್ಕಿದ್ದರೆ ಎಳೆಯಲು ಬಿಡಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಿ ಬಿಟ್ಟು ಸಂದಿಗೆ ಗಾರೆ ತುಂಬಬೇಕು. ಮೇಲಿನ ಇಪ್ಪತ್ತು ಅಡಿ ಗೋಡೆಗೆ ಹೆಚ್ಚು ಗಮನ ಕೊಡಿ. ಚರಂಡಿಯ, ಬಚ್ಚಲಿನ ಕೊಳಕು ಬಾವಿಗೆ ನುಗ್ಗುವುದು ಈ ಭಾಗದಿಂದಲೇ. ಅಲ್ಲಿನ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿ, ಕೆಳಗಿನ ಸಂದಿಗಳನ್ನು ಹಾಗೇ ಬಿಡಬೇಕು, ನೀರು ಬರುವ ದಾರಿ ಅದು. ಅಚ್ಚುಕಟ್ಟು ಕಾಣಲೆಂದು ತಳದವರೆಗೂ ಸಿಮೆಂಟ್ ಬಳಿಸಿದರೆ ಬಾವಿ ಸಂಪಾಗುತ್ತದೆ.

ನಂತರ ಊಟೆಯ ಪರೀಕ್ಷೆ. ನೀರು ತೆಗೆದು ನಿಲ್ಲಿಸಿ, ಗೋಡೆಗೆ ಗುರುತು ಹಾಕಿ, ಹದಿನೈದು ನಿಮಿಷ, ಅರ್ಧ ಗಂಟೆ, ಒಂದು ಗಂಟೆ, ಮರುದಿನ ಬೆಳಿಗ್ಗೆ ಎಷ್ಟು ಏರಿತು ಎಂದು ಬರೆದಿಡಿ. ಆರು ಅಡಿ ಅಗಲದ ಬಾವಿ ಗಂಟೆಗೆ ಮೂರು ಅಂಗುಲ ಏರಿದರೂ 200 ಲೀಟರ್ ಆಯಿತು. ಏಪ್ರಿಲ್‌ನಲ್ಲಿ ಇಷ್ಟು ಬಂದರೆ ಒಂದು ಮನೆಯ ಬಳಕೆಗೆ ಧಾರಾಳ. ತಿಂಗಳಿಗೆ ಎಷ್ಟು ಟ್ಯಾಂಕರ್ ಉಳಿಯುತ್ತದೆ ಎಂಬ ಲೆಕ್ಕ ಹಾಕಿದರೆ ಹೂಳೆತ್ತುವ ಖರ್ಚು ಹೆಚ್ಚೆನಿಸುವುದಿಲ್ಲ.

ನೀರಿನ ಪರೀಕ್ಷೆಗೆ ಎರಡು ಸೀಸೆ ಬೇಕು. ರಾಸಾಯನಿಕ ಪರೀಕ್ಷೆಗೆ ಅದೇ ಬಾವಿಯ ನೀರಿನಲ್ಲಿ ತೊಳೆದ ಎರಡು ಲೀಟರಿನ ಪ್ಲಾಸ್ಟಿಕ್ ಕ್ಯಾನು ಸಾಕು. ಸೂಕ್ಷ್ಮಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಸೀಸೆ, ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸುವುದು ಉತ್ತಮ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5. ನೈಟ್ರೇಟ್ 45, ಅದಕ್ಕೆ ವಿನಾಯಿತಿಯಿಲ್ಲ. ಕರಗಿದ ಲವಣ 500, ಬೇರೆ ದಾರಿಯಿಲ್ಲದಿದ್ದರೆ 2,000. ಈ. ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಕೋಲಾರದಲ್ಲಿ ಫ್ಲೋರೈಡ್ ಕಾಟ ಆಳದ ಬೋರಿನಲ್ಲೇ ಹೆಚ್ಚು, ಮೇಲುಪದರದ ಬಾವಿ ನೀರು ಆ ವಿಷಯದಲ್ಲಿ ಸಾಮಾನ್ಯವಾಗಿ ವಾಸಿ. ಬಾವಿಯ ಶತ್ರು ನೈಟ್ರೇಟ್ ಮತ್ತು ಸೂಕ್ಷ್ಮಾಣು. ನೈಟ್ರೇಟ್ ಏರಿದ್ದರೆ ಪಾಯಿಖಾನೆಯ ಅಥವಾ ಕೊಟ್ಟಿಗೆಯ ನೀರು ಸೇರುತ್ತಿದೆ ಎಂದು ಶಂಕಿಸಬೇಕು. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ದಟ್ಟವಾಗುತ್ತವೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಸುತ್ತಿನ ಮನೆಯಾದರೆ ಸೈನೈಡ್, ಆರ್ಸೆನಿಕ್, ಸೀಸದ ಪರೀಕ್ಷೆಯನ್ನೂ ಸೇರಿಸಿ.

ಹೂಳೆತ್ತಿದ ಮೇಲೆ ಬ್ಲೀಚಿಂಗ್ ಪುಡಿ ಹಾಕುವುದನ್ನು ತಂಡದವರು ತಮ್ಮ ಸೇವೆಯಲ್ಲೇ ಸೇರಿಸುತ್ತಾರೆ, ಆದರೆ ಅಳತೆ ಇಲ್ಲದೆ ಎರಡು ಹಿಡಿ ಎರಚಿ ಹೋಗುತ್ತಾರೆ. ಶುದ್ಧಿಗೆ ಒಮ್ಮೆ ಹಾಕುವ ದೊಡ್ಡ ಪ್ರಮಾಣ ಸಾವಿರ ಲೀಟರಿಗೆ 150 ಗ್ರಾಂ. ಪುಡಿಯಲ್ಲಿ 33 ಶೇಕಡ ಕ್ಲೋರಿನ್ ಇದ್ದರೆ ಈ ಲೆಕ್ಕ. ಬಾಯಿ ತೆರೆದಿಟ್ಟ ಹಳೆ ಚೀಲದ ಪುಡಿಯಲ್ಲಿ ಅಷ್ಟಿರುವುದಿಲ್ಲ. ಹತ್ತಡಿ ನೀರು, ಆರಡಿ ಅಗಲ ಎಂದರೆ ಒಂದು ಕಿಲೋ ಇನ್ನೂರು ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸಲಕ್ಕೆ ನೂರು ಗ್ರಾಂನಂತೆ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ನೀರಿನೊಳಕ್ಕೆ ಬಿಟ್ಟು ಮೇಲೆ ಕೆಳಗೆ ಆಡಿಸಬೇಕು. ಒಂದು ದಿನ ಬಿಟ್ಟು, ವಾಸನೆ ಹೋಗುವವರೆಗೆ ಪಂಪು ಮಾಡಿ ಹೊರಹಾಕಿ. ಆ ನೀರು ಗಿಡಕ್ಕೂ ಬೇಡ, ಸೆಪ್ಟಿಕ್ ಟ್ಯಾಂಕಿಗೂ ಬೇಡ. ಆಮೇಲೆ ನಿತ್ಯಬಳಕೆಗೆ ಸಾವಿರ ಲೀಟರಿಗೆ 2.5 ಗ್ರಾಂ ಸಾಕು. ರಾತ್ರಿ ಹಾಕಿದರೆ ಬೆಳಗಿನ ಹೊತ್ತಿಗೆ ಸರಿಯಾಗುತ್ತದೆ, ಒಂದು ಗಂಟೆಯಾದರೂ ನೀರು ಮುಟ್ಟಬಾರದು.

ಬೋರ್‌ವೆಲ್ ಅಂಗಡಿಯವರ ಸೇವೆಯಲ್ಲಿ ನಮಗೆ ಹಿಡಿಸಿದ್ದು ಕ್ಯಾಮೆರಾ. ಹಳೆಯ ಬಾವಿಯ ತಳದಲ್ಲೋ ಪಕ್ಕದಲ್ಲೋ ಕೈಬಿಟ್ಟ ಬೋರು ಇದ್ದರೆ ಅದರೊಳಗೆ ಕ್ಯಾಮೆರಾ ಇಳಿಸಿ ಕೇಸಿಂಗ್ ಎಲ್ಲಿ ಮುಗಿದಿದೆ, ಹಳೆಯ ಮೋಟಾರ್ ಸಿಕ್ಕಿಕೊಂಡಿದೆಯೆ, ನೀರು ಎಷ್ಟು ಅಡಿಗಿದೆ ಎಂದು ತೋರಿಸುತ್ತಾರೆ. ರೆಕಾರ್ಡಿಂಗ್ ಕೇಳಿ ಪಡೆಯಿರಿ. ಕೈಬಿಟ್ಟ ಬೋರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ಕೊಟ್ಟಿದೆ: ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಬಳಕೆಯ ಬೋರಾದರೆ ಕೇಸಿಂಗ್‌ಗೆ ಉಕ್ಕಿನ ಮುಚ್ಚಳವನ್ನು ವೆಲ್ಡ್ ಮಾಡಿ ಅಥವಾ ನಟ್ಟು ಬೋಲ್ಟು ಹಾಕಿ ಬಿಗಿದು, ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು. ಕಲ್ಲು ಇಟ್ಟು, ಗೋಣಿಚೀಲ ತುರುಕಿ ಬಿಟ್ಟ ಬೋರು ಮನೆಯ ಜೊತೆ ನಿಮಗೆ ಬಂದರೆ ಅದರ ಹೊಣೆಯೂ ನಿಮಗೇ ಬರುತ್ತದೆ.

ಅವರು ಬಾವಿಯ ತಳದಲ್ಲೇ ಹೊಸ ಬೋರು ಕೊರೆಯೋಣ ಎಂದರೆ ಬೇಡ ಎನ್ನಿ. ಕೊರೆಯುವ ನಡುಕಕ್ಕೆ ಹಳೆಯ ಕಲ್ಲುಗೋಡೆ ತಡೆಯುವುದಿಲ್ಲ. ಮೇಲಿನ ಕೊಳಕು ನೇರ ಆಳಕ್ಕೆ ಇಳಿಯಲು ದಾರಿಯೂ ಆಗುತ್ತದೆ. ಮೇಲಾಗಿ ಅಂತರ್ಜಲ ಅತಿಬಳಕೆಯಾದ ಜಿಲ್ಲೆ ಇದು, ಹೊಸ ಬೋರಿಗೆ ಅನುಮತಿ ಪಡೆಯಬೇಕು.

ಇವರು ಮಾರುವ ಮಳೆನೀರು ಫಿಲ್ಟರಿನ ಬಗ್ಗೆ ಸ್ವಲ್ಪ ಲೆಕ್ಕ ಬೇಕು. ಸಾವಿರ ಚದರಡಿ ತಾರಸಿ ಎಂದರೆ 93 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 93 ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಹಿಡಿದು, ಐದರಲ್ಲೊಂದು ಪಾಲು ನಷ್ಟ ಕಳೆದರೂ ಐವತ್ತು ಸಾವಿರ ಲೀಟರ್ ಬಾವಿಗೆ ಇಳಿಯುತ್ತದೆ. ಆದರೆ ಗಂಟೆಗೆ 50 ಮಿಲಿಮೀಟರಿನ ಒಂದು ಜೋರುಮಳೆ ನಿಮಿಷಕ್ಕೆ 78 ಲೀಟರ್ ತರುತ್ತದೆ. ಅಂಗಡಿಯ ಗೋಡೆಗೆ ನೇತುಹಾಕಿದ ಫಿಲ್ಟರ್ ನಿಮಿಷಕ್ಕೆ ಎಷ್ಟು ಲೀಟರ್ ಬಿಡುತ್ತದೆ ಎಂದು ಕೇಳಿ, ಉತ್ತರ ಬರದಿದ್ದರೆ ಕೊಳ್ಳಬೇಡಿ. ನಾಲ್ಕಡಿ ಉದ್ದ, ಮೂರಡಿ ಅಗಲ, ನಾಲ್ಕಡಿ ಆಳದ ಇಟ್ಟಿಗೆ ತೊಟ್ಟಿ ಕಟ್ಟಿಸಿ, ತಳಕ್ಕೆ ಒಂದಡಿ 40 ಮಿಲಿಮೀಟರ್ ಜಲ್ಲಿ, ಮೇಲೆ ಮುಕ್ಕಾಲಡಿ 20 ಮಿಲಿಮೀಟರ್ ಜಲ್ಲಿ, ನೈಲಾನ್ ಜಾಲರಿ, ಅದರ ಮೇಲೆ ಒಂದಡಿ ದಪ್ಪ ಮರಳು ಹಾಕಿಸಿದರೆ ಅದಕ್ಕಿಂತ ಗಟ್ಟಿ ಕೆಲಸ ಮಾಡುತ್ತದೆ. ಎಂ ಸ್ಯಾಂಡ್ ಆದರೆ ದೂಳು ಹೋಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ. ಮೊದಲ ಎರಡು ಮಿಲಿಮೀಟರ್ ಮಳೆ ತಾರಸಿಯ ಕೊಳೆ ಹೊತ್ತು ಬರುತ್ತದೆ, ಅಂದರೆ 186 ಲೀಟರ್. ಅದನ್ನು ಬೇರೆಡೆ ತಿರುಗಿಸಲು ನಾಲ್ಕು ಅಂಗುಲದ ಪೈಪಿನ ತುಂಡು ಸಾಲದು, ಒಂದು ಮೀಟರಿಗೆ ಅದು ಹಿಡಿಯುವುದೇ ಎಂಟೊಂಬತ್ತು ಲೀಟರ್. 200 ಲೀಟರಿನ ಡ್ರಮ್ ಇಡಿಸಿ. ಬಾವಿಯೊಳಗೆ ಬಿಡುವ ಪೈಪು ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದಿರಬೇಕು. ಮೇಲಿಂದ ಸುರಿದರೆ ತಳ ಕೊರೆಯುತ್ತದೆ, ಗೋಡೆ ಸಡಿಲವಾಗುತ್ತದೆ. ತಾರಸಿಯ ನೀರು ಮಾತ್ರ ಬಿಡಿ, ಅಂಗಳದ ನೀರು ಬೇಡ.

ಟಿಪ್ಪರ್‌ನವರ ಸೇವೆಗೆ ಬಂದರೆ, ಅವರು ತರುವುದು ಎಲ್ಲೋ ಒಡೆದ ಕಟ್ಟಡದ ಮಣ್ಣು, ಇಟ್ಟಿಗೆ ಚೂರು, ಜೊತೆಗೆ ಪ್ಲಾಸ್ಟಿಕ್, ಮರದ ತುಂಡು. ಒಂದೇ ದಿನದಲ್ಲಿ ಸುರಿದು ಜೆಸಿಬಿಯಿಂದ ತಟ್ಟಿ ಹೋಗುತ್ತಾರೆ. ದೊಡ್ಡ ಚೂರುಗಳ ನಡುವೆ ಪೊಳ್ಳು ಉಳಿಯುತ್ತದೆ, ಮರ ಕೊಳೆಯುತ್ತದೆ, ಎರಡು ಮೂರು ಮಳೆಗಾಲದಲ್ಲಿ ಮೇಲಿನ ಮಣ್ಣು ಕುಸಿದು ಗುಂಡಿ ಬೀಳುತ್ತದೆ. ಅಷ್ಟರಲ್ಲಿ ಅದರ ಮೇಲೆ ಕಾರು ನಿಲ್ಲಿಸಲು ಷೀಟ್ ಹಾಕಿರುತ್ತಾರೆ, ಕೆಲವರು ಪಿಲ್ಲರ್ ಎಬ್ಬಿಸಿರುತ್ತಾರೆ. ಕೆ.ಸಿ. ವ್ಯಾಲಿಯ ನಂತರ ತಳದ ನೀರು ಏರಿದ ಕಡೆ ಇದು ಇನ್ನೂ ಬೇಗ ಆಗುತ್ತದೆ. ತುಂಬಿದ ಕಸ ನೆನೆದು, ಅದರ ಕೊಳೆ ಅದೇ ಪದರದ ನೀರು ಕುಡಿಯುವ ನೆರೆಹೊರೆಯ ಬಾವಿಗಳಿಗೂ ಹೋಗುತ್ತದೆ.

ಮುಚ್ಚಲೇಬೇಕಾದ ಬಾವಿಗಳೂ ಇವೆ. ಗೋಡೆ ಕುಸಿಯುತ್ತಿದ್ದರೆ, ಮನೆಯ ಪಾಯಕ್ಕೆ ಅಂಟಿಕೊಂಡಿದ್ದರೆ, ಮಲದ ನೀರು ತಪ್ಪಿಸಲಾಗದಿದ್ದರೆ ಬೇರೆ ದಾರಿಯಿಲ್ಲ. ಆಗ ಟಿಪ್ಪರ್‌ನವರಿಗೆ ನೀವೇ ಕ್ರಮ ಬರೆದು ಕೊಡಿ. ಮೊದಲು ಪಂಪು, ಪೈಪು, ಮರ, ಕಸ ಎಲ್ಲ ತೆಗೆದು ಬ್ಲೀಚಿಂಗ್ ಹಾಕುವುದು. ತಳದಿಂದ ನೀರಿನ ಮಟ್ಟದವರೆಗೆ ಸ್ವಚ್ಛ ಜಲ್ಲಿ ಮತ್ತು ಮರಳು, ನೀರಿನ ಹರಿವು ಕಟ್ಟಬಾರದು. ಅದರ ಮೇಲೆ ಮರಳು ಅಥವಾ ಕ್ರಷರ್ ದೂಳನ್ನು ಎರಡೆರಡು ಅಡಿ ಸುರಿದು ನೀರು ಬಿಟ್ಟು ಕೂರಿಸುವುದು. ಆ ಆಳಕ್ಕೆ ಯಾರೂ ಇಳಿದು ಧಮ್ಮಸ್ಸು ಹೊಡೆಯಲಾಗದು, ಆದ್ದರಿಂದಲೇ ನೀರಿಗೆ ತಾನೇ ಕೂರುವ ಸಾಮಾನು ಬೇಕು. ಮೇಲಿನ ಮೂರಡಿ ಒಳಗೋಡೆಯನ್ನು ಕಿತ್ತು, ಕೊನೆಯ ಐದಾರು ಅಡಿಗೆ ಜೇಡಿಮಣ್ಣನ್ನು ಒಂಬತ್ತು ಅಂಗುಲದ ಪದರ ಪದರವಾಗಿ ನೀರು ಚಿಮುಕಿಸಿ ಧಮ್ಮಸ್ಸು ಮಾಡುವುದು. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಒಳ್ಳೆಯ ಜೇಡಿ ಸಿಗುತ್ತದೆ. ಅನುಮತಿಯಿಲ್ಲದೆ ಕೆರೆಯಿಂದ ಎತ್ತಿದ ಮಣ್ಣು ಬೇಡ. ನೆಲಕ್ಕಿಂತ ಒಂದಡಿ ದಿಬ್ಬ ಬಿಟ್ಟು, ಎರಡು ಮಳೆಗಾಲ ನೋಡಿ, ಕುಸಿದಷ್ಟು ಮತ್ತೆ ತುಂಬಬೇಕು. ಇಷ್ಟೆಲ್ಲ ಮಾಡಿದರೂ ಅದರ ಮೇಲೆ ಪಿಲ್ಲರ್ ಬೇಡ. ಮನೆಯ ನಕ್ಷೆಯಲ್ಲಿ ಬಾವಿಯಿದ್ದ ಜಾಗವನ್ನು ಎರಡು ಗೋಡೆಗಳಿಂದ ಅಳೆದು ಗುರುತು ಹಾಕಿಡಿ, ಮುಂದೆ ಕಟ್ಟುವವರಿಗೆ ಬೇಕಾಗುತ್ತದೆ.

ವಾಸ್ತುವಿನ ಕಾರಣಕ್ಕೆ ಮುಚ್ಚಿಸುವವರೂ ಇದ್ದಾರೆ. ಅದು ಅವರವರ ನಂಬಿಕೆ. ಆದರೆ ಗಟ್ಟಿ ಗೋಡೆಯ, ಊಟೆಯಿರುವ ಬಾವಿಯನ್ನು ಈ ಜಿಲ್ಲೆಯಲ್ಲಿ ಮುಚ್ಚುವ ಮೊದಲು ದಯವಿಟ್ಟು ಒಂದು ಬೇಸಿಗೆ ಕಾಯಿರಿ.

ಉಳಿಸಿಕೊಂಡ ಬಾವಿಗೆ ಮುಚ್ಚಳ ಬೇಕೇ ಬೇಕು. ಕಡಪ ಕಲ್ಲನ್ನು ಆರಡಿ ಅಡ್ಡ ಹಾಸುವ ಮೇಸ್ತ್ರಿಗಳಿದ್ದಾರೆ, ಅದು ಮಗು ಹಾರಿದರೂ ಬಿರಿಯಬಹುದು. ಜಾಗದಲ್ಲೇ ಕಾಂಕ್ರೀಟ್ ಹಾಕಲು ಕೊಡುವ ಸೆಂಟ್ರಿಂಗ್ ಮರ ಆಮೇಲೆ ಬಾವಿಯೊಳಗೆ ಬೀಳುತ್ತದೆ. ಬದಲು ನೆಲದ ಮೇಲೆ ಎಂಟಡಿ ಉದ್ದ, ಒಂದೂವರೆ ಅಡಿ ಅಗಲ, ಐದು ಅಂಗುಲ ದಪ್ಪದ ಪಟ್ಟಿಗಳನ್ನು ಎರಕ ಹೊಯ್ದು, ಹದಿನಾಲ್ಕು ದಿನ ನೀರುಣಿಸಿ, ಆಮೇಲೆ ಎತ್ತಿ ಜೋಡಿಸಿದರೆ ಆ ತೊಂದರೆಯಿಲ್ಲ. ಒಂದು ಪಟ್ಟಿಯ ತೂಕ 340 ಕಿಲೋ ಬರುತ್ತದೆ, ಜೆಸಿಬಿ ಬರಲು ದಾರಿ ಇದೆಯೆ ಮೊದಲೇ ನೋಡಿ. ಕಂಬಿ ಎಷ್ಟು ಎನ್ನುವುದನ್ನು ಎಂಜಿನಿಯರ್ ಹೇಳಲಿ, ಮೇಲೆ ವಾಹನ ಓಡಾಡುವುದಿದ್ದರೆ ಇದೆಲ್ಲ ಬೇರೆಯೇ ಲೆಕ್ಕ. ಪಟ್ಟಿಗಳು ಸಡಿಲ ಕಲ್ಲಿನ ಮೇಲಲ್ಲ, ಸುತ್ತ ಕಟ್ಟಿದ ಕಾಂಕ್ರೀಟ್ ಬಳೆಯ ಮೇಲೆ ಕೂರಬೇಕು. ಎರಡಡಿ ಚೌಕದ ಬೀಗವಿರುವ ಬಾಗಿಲು, ಗಾಳಿಗೆ ಜಾಲರಿ ಬಿಗಿದ ಪೈಪು ಇರಲಿ. ಬೆಳಕು ಬೀಳುವ ತೆರೆದ ಬಾವಿ ಬೇಕು ಎನ್ನುವವರು ಎರಡೂಕಾಲು ಅಡಿಗೆ ಕಡಿಮೆಯಿಲ್ಲದ ಕಟ್ಟೆ, ಕಂಬಿಗಳ ನಡುವೆ ನಾಲ್ಕು ಅಂಗುಲಕ್ಕಿಂತ ಕಡಿಮೆ ಸಂದಿನ ಗ್ರಿಲ್, ಅದರಡಿ ಸೊಳ್ಳೆಜಾಲರಿ ಹಾಕಿಸಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಪಟ್ಟಣದ ಬಾವಿ ಪ್ರಿಯವಾದ ಜಾಗ. ಗಪ್ಪಿ ಮೀನು ಬಿಡುವುದೂ ಒಳ್ಳೆಯದೇ, ಬ್ಲೀಚಿಂಗ್ ಹಾಕುವ ಬಾವಿಯಲ್ಲಿ ಮಾತ್ರ ಮೀನು ಉಳಿಯುವುದಿಲ್ಲ.

ದರ ಕೇಳುವಾಗ ಒಟ್ಟು ಮೊತ್ತ ಒಪ್ಪಿಕೊಳ್ಳಬೇಡಿ. ನೀರು ತೆಗೆಯಲು ಗಂಟೆಗೆ ಎಷ್ಟು, ಹೂಳಿಗೆ ಅಡಿಗೆ ಎಷ್ಟು, ಸಾಗಿಸುವುದು ಯಾರ ಲೆಕ್ಕ, ಮಧ್ಯೆ ಬಂಡೆ ಅಥವಾ ಹಳೆ ಮೋಟಾರ್ ಸಿಕ್ಕರೆ ಹೆಚ್ಚುವರಿ ಎಷ್ಟು, ಬ್ಲೋವರ್ ಮತ್ತು ವಿಂಚ್ ಬಾಡಿಗೆ ಯಾರದು ಎಂದು ಬಿಡಿಬಿಡಿಯಾಗಿ ಬರೆಸಿ. ಹೂಳನ್ನು ರಸ್ತೆ ಬದಿಯ ಚರಂಡಿಗೆ ಸುರಿಯುವುದಿಲ್ಲ ಎಂಬ ಮಾತೂ ಅದರಲ್ಲಿರಲಿ. ಮೂರನೇ ಒಂದು ಪಾಲನ್ನು ತಳದ ಗಟ್ಟಿ ಕಲ್ಲು ಕಣ್ಣಾರೆ ಕಂಡ ಮೇಲೆ ಕೊಡುವ ಕರಾರು ಮಾಡಿಕೊಂಡರೆ ಮೊಣಕಾಲುದ್ದ ಹೂಳು ಬಿಟ್ಟು ಹೋಗುವ ಪ್ರಸಂಗ ಬರುವುದಿಲ್ಲ.